ರೇಷಿಯನ್ ರೈಲ್ವೆ
ಸ್ವಿಟ್ಸರ್ಲೆಂಡಿನ ಆಗ್ನೇಯಕ್ಕಿರುವ ಗ್ರೌಬ್ಯೂಂಡನ್ ಪ್ರಾಂತದ ಈ ರೈಲ್ವೆಗೆ ರೋಮನರ ಕಾಲದ ರೇಷಿಯಾ ನಾಡಿನ ಹೆಸರು ಬಂದಿದೆ. ಇಟಲಿಗೂ ಉತ್ತರದ ದೇಶಗಳಿಗೂ ನಡುವಣ ಸರಕುಸಾಗಣೆಯನ್ನು ಶತಮಾನಗಳಿಂದ ನಂಬಿಕೊಂಡಿದ್ದ ಇಲ್ಲಿನ ಘಟ್ಟದ ದಾರಿಗಳು, 1882ರಲ್ಲಿ ಪಶ್ಚಿಮದ ಗಾಟ್‌ಹಾರ್ಡ್ ಸುರಂಗಮಾರ್ಗವು ತೆರೆದ ಬಳಿಕ ಕಳೆಗುಂದಿದುವು. ಅಂದಿನಿಂದ ರೈಲೆಂಬುದು ಪ್ರಾಂತದ ಜನಕ್ಕೆ ಜೀವನೋಪಾಯದ ಪ್ರಶ್ನೆಯೇ ಆಯಿತು.

ಕ್ಷಯರೋಗಿಗಳ ಆರೋಗ್ಯಧಾಮವೆಂದು ಹೆಸರಾಗುತ್ತಿದ್ದ ಡಾವೋಸಿನಲ್ಲಿ ನೆಲೆಸಿದ್ದ ಡಚ್ ಗೃಹಸ್ಥ ವಿಲೆಮ್ ಯಾನ್ ಹೋಲ್ಸ್‌ಬೋರನ ಪ್ರಯತ್ನದಿಂದ 1888ರಲ್ಲಿ ಸಂಸ್ಥೆ ಸ್ಥಾಪಿತವಾಯಿತು. ಲಾಂಡ್‌ಕ್ವಾರ್ಟಿನಿಂದ ಹೊರಟ ಹಳಿ 1889ರಲ್ಲಿ ಕ್ಲೋಸ್ಟರ್ಸನ್ನೂ ಮರುವರ್ಷ ಡಾವೋಸನ್ನೂ ಮುಟ್ಟಿತು. ಕಡಿದಾದ ತಿರುವುಗಳಿಗೆ ಒದಗುವುದೆಂದೂ ವೆಚ್ಚ ಕಡಮೆಯೆಂದೂ ಮೀಟರ್‌ಗೇಜನ್ನು ಆರಿಸಿಕೊಳ್ಳಲಾಗಿತ್ತು. ಇಂದಿನ ಹೆಸರು 1895ರದು. 1896ರಲ್ಲಿ ಮಾರ್ಗವು ಕೂರ್ ನಗರವನ್ನು ಹಾದು ತೂಸಿಸ್‌ವರೆಗೆ ಬೆಳೆಯಿತು.

ಸಂಸ್ಥೆಯ ಕೀರ್ತಿಗೆ ಮುಖ್ಯ ಕಾರಣ ಫ್ರೀಡ್ರಿಕ್ ಹೆನ್ನಿಂಗ್ಸ್ ಎಂಬ ಎಂಜಿನಿಯರನ ನೇತೃತ್ವದಲ್ಲಿ ನಿರ್ಮಾಣಗೊಂಡು 1903ರಲ್ಲಿ ತೆರೆದ ಆಲ್ಬುಲಾ ಮಾರ್ಗ. ಹಲ್ಲುಹಳಿಯ ನೆರವನ್ನು ಪಡೆಯದೆ, ಸಾವಿರಕ್ಕೆ 35ರ ಏರನ್ನು ಮೀರದೆ ಪರ್ವತವನ್ನು ಹತ್ತಬೇಕೆಂಬ ಸಂಕಲ್ಪದಿಂದ, ಬೆರ್ಗ್ಯೂನ್ ಮತ್ತು ಪ್ರೇಡಾ ಗ್ರಾಮಗಳ ನಡುವೆ 400 ಮೀಟರಿಗೂ ಮಿಕ್ಕ ಎತ್ತರವನ್ನು ಏರಲು ಹಳಿಯನ್ನು ಬೆಟ್ಟದ ಗರ್ಭದಲ್ಲಿಯೇ ಸುತ್ತಿಸಿ, ದಾರಿಯ ಉದ್ದವನ್ನು ಸುಮಾರು ಇಮ್ಮಡಿಸಿದರು. ಫಿಲಿಸೂರಿನ ಬಳಿಯ ಲಾಂಡ್‌ವಾಸರ್ ಸೇತುವೆ 65 ಮೀಟರ್ ಎತ್ತರ, ಆರು ಕಮಾನುಗಳ ಕಲ್ಲುಗಟ್ಟಡ. ಹೊರಗೆ ಸಾರುವೆ ಕಟ್ಟದೆ, ಕಂಬಗಳ ಒಡಲಲ್ಲಿಯೇ ಕಬ್ಬಿಣದ ಗೋಪುರಗಳನ್ನು ನಿಲ್ಲಿಸಿ, ಅವುಗಳ ಮೇಲಿನ ಕ್ರೇನುಗಳಿಂದ ಕಲ್ಲುಗಳನ್ನೆತ್ತಿ ಪೇರಿಸಿದರು. 100 ಮೀಟರ್ ತ್ರಿಜ್ಯದ ತಿರುವಿನಲ್ಲಿ ಬಾಗಿ ಬಂದ ಬಂಡಿ ಕೊನೆಯ ಕಮಾನನ್ನು ದಾಟಿದೊಡನೆ ನೆಟ್ಟನೆಯ ಬಂಡೆಯೊಳಗಿನ ಸುರಂಗವನ್ನು ಹೊಗುತ್ತದೆ. ಕಟ್ಟಡವೂ ಭೂಮಿಯೂ ಇಷ್ಟು ಸಹಜವಾಗಿ ಒಂದಾಗಿರುವ ನಿದರ್ಶನ ರೈಲ್ವೆಯ ಇತಿಹಾಸದಲ್ಲಿ ವಿರಳ.

ಡಿಸೆಂಟಿಸ್ ಶಾಖೆ 1912ರಲ್ಲಿಯೂ ಕೆಳ ಎಂಗಡೀನಿನ ಶಾಖೆ 1913ರಲ್ಲಿಯೂ ಮುಗಿದುವು. ಎರಡನೆಯದು ಮೊದಲಿನಿಂದಲೂ ವಿದ್ಯುತ್ತಿನದು. ಮೊದಲನೆಯ ಮಹಾಯುದ್ಧದಲ್ಲಿ ಕಲ್ಲಿದ್ದಲಿನ ಅಭಾವವುಂಟಾಗಿ, ಉಳಿದ ಮಾರ್ಗಗಳೂ 1922ರೊಳಗೆ ಉಗಿಯನ್ನು ತೊರೆದುವು.

ಬೇರೊಂದು ಸಂಸ್ಥೆ 1910ರಲ್ಲಿ ಪೂರ್ಣಗೊಳಿಸಿದ್ದ ಬರ್ನೀನಾ ಮಾರ್ಗವು ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದರೊಡನೆ ವಿಲೀನವಾಯಿತು. 2253 ಮೀಟರ್ ಎತ್ತರದ ಘಟ್ಟವನ್ನು ಬಯಲಿನಲ್ಲಿಯೇ ದಾಟಿ ಇಟಲಿಯ ತಿರಾನೊ ಪಟ್ಟಣಕ್ಕಿಳಿಯುವ ಇದರ ಏರು ಸಾವಿರಕ್ಕೆ 70. ಅದೇ ಕಾಲದಲ್ಲಿ ಸೇರಿದ ಇನ್ನೆರಡು ಮಾರ್ಗಗಳಲ್ಲಿ ಆರೋಸಾ ಮಾರ್ಗ ಉಳಿಯಿತು. ಬೆಲ್ಲಿನ್‌ಜೋನಾ-ಮೆಸೊಕ್ಕೊ ಮಾರ್ಗದಲ್ಲಿ 1972ರಲ್ಲಿ ಪ್ರಯಾಣಿಕರ ಸಂಚಾರ ನಿಂತುಹೋಯಿತು.

19 ಕಿಲೋಮೀಟರ್ ಉದ್ದದ ವೆರೈನಾ ಸುರಂಗ 1999ರಲ್ಲಿ ತೆರೆಯಿತು. ಆಲ್ಬುಲಾ, ಬರ್ನೀನಾ ಮಾರ್ಗಗಳನ್ನು ಯುನೆಸ್ಕೊ 2008ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಶತಮಾನ ಕಳೆದು ಶಿಥಿಲವಾಗಿದ್ದ ಆಲ್ಬುಲಾ ಸುರಂಗದ ಪಕ್ಕದಲ್ಲಿಯೇ ಹೊಸದೊಂದನ್ನು ಕೊರೆದು 2024ರಲ್ಲಿ ಸಂಚಾರಕ್ಕೆ ತೆರೆದರು.