ಪದದ ಹಿಂದು-ಮುಂದಿನ ವಾಕ್ಯ

ಸಂಶೋಧನೆಗೆಂದು ಸಂದರ್ಶನ ಮಾಡುವಾಗ ನಾವು ಎದುರಿಗೆ ಕೂತವರಿಗೆ ಒಂದು ಮಾತು ಕೊಡುತ್ತೇವೆ: ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ. ಆಮೇಲೆ ಕೋಣೆಗೆ ಬಂದು, ಲ್ಯಾಪ್‌ಟಾಪ್ ತೆರೆದು, ಅವರು ಹೇಳಿದ್ದನ್ನೆಲ್ಲ ವರ್ಡ್‌ನಲ್ಲಿ ಟೈಪ್ ಮಾಡುತ್ತೇವೆ. ಹೀಗೆ ಟೈಪ್ ಮಾಡಿದ್ದು ನಮ್ಮ ಕೋಣೆ ದಾಟಿ ಹೋಗಲು ಶುರುವಾದದ್ದು ಯಾವಾಗ?

ಮೊದಮೊದಲು ಚಾಡಿ ಹೇಳುತ್ತಿದ್ದದ್ದು ಫೈಲೇ. ಆಫೀಸ್ 97ರಲ್ಲಿ ಬರೆದ ಫೈಲಿನೊಳಗೆ, ಬರೆದವರ ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡಿನ ಸಂಖ್ಯೆ ಸೇರಿದ ಗುರುತೊಂದು ಅವರಿಗೆ ಗೊತ್ತಿಲ್ಲದೆ ಕೂತಿರುತ್ತಿತ್ತು. 1999ರ ಮಾರ್ಚಿನಲ್ಲಿ ಇದು ಸುದ್ದಿಯಾಯಿತು. ಅದೇ ತಿಂಗಳು ಹರಡಿದ ಮೆಲಿಸ್ಸಾ ವೈರಸ್ ಬರೆದವರನ್ನು ಹುಡುಕಹೊರಟವರು ಈ ಗುರುತಿನ ಜಾಡನ್ನೂ ಹಿಡಿದರು. 2003ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಪ್ರಧಾನಿ ಕಚೇರಿ ಇರಾಕ್ ಕುರಿತ ವರದಿಯೊಂದನ್ನು ವರ್ಡ್ ಫೈಲಾಗಿಯೇ ಪ್ರಕಟಿಸಿ ಪೇಚಿಗೆ ಸಿಕ್ಕಿತು. ತಿದ್ದಿದವರ ಹೆಸರುಗಳು ಫೈಲಿನೊಳಗೇ ಉಳಿದಿದ್ದವು. (ವರದಿಯ ದೊಡ್ಡ ಭಾಗ ಸಂಶೋಧಕರೊಬ್ಬರ ಲೇಖನದಿಂದ ಎತ್ತಿದ್ದು ಎಂಬುದೂ ಹೊರಬಿತ್ತು. ನಮ್ಮ ಗೈಡ್ ಆಗಿದ್ದರೆ ಸುಮ್ಮನೆ ಬಿಡುತ್ತಿರಲಿಲ್ಲ.) ಆದರೂ ಈ ಚಾಡಿಗೊಂದು ಮಿತಿಯಿತ್ತು. ನೀವಾಗಿ ಫೈಲನ್ನು ಯಾರಿಗಾದರೂ ಕೊಟ್ಟರೆ ಮಾತ್ರ ಅದು ಬಾಯಿ ಬಿಡುತ್ತಿತ್ತು.

ಆ ಮಿತಿ ಅಳಿಸಿಹೋದದ್ದು ಲೆಕ್ಕಸಮೇತ ಗೊತ್ತಾದದ್ದು 2018ರ ನವೆಂಬರಿನಲ್ಲಿ, ನೆದರ್ಲೆಂಡ್ಸ್‌ನಲ್ಲಿ. ಅಲ್ಲಿನ ಸರ್ಕಾರಿ ಕಚೇರಿಗಳ ಸುಮಾರು ಮೂರು ಲಕ್ಷ ಕಂಪ್ಯೂಟರುಗಳಲ್ಲಿ ಮೈಕ್ರೋಸಾಫ್ಟ್‌ನ ತಂತ್ರಾಂಶಗಳಿದ್ದವು. ನ್ಯಾಯ ಇಲಾಖೆ ‘ಪ್ರೈವಸಿ ಕಂಪನಿ’ ಎಂಬ ಸಂಸ್ಥೆಯಿಂದ ಆಫೀಸನ್ನು ಪರೀಕ್ಷೆ ಮಾಡಿಸಿತು. ಬಳಸುವವರು ಏನು ಮಾಡುತ್ತಿದ್ದಾರೆ ಎಂಬುದರ ಬಗ್ಗೆ 23,000ದಿಂದ 25,000 ಬಗೆಯ ವಿವರಗಳು ಮೈಕ್ರೋಸಾಫ್ಟ್‌ನ ಸರ್ವರುಗಳಿಗೆ ಹೋಗುತ್ತಿದ್ದವು, ಅವುಗಳನ್ನು 20–30 ಎಂಜಿನಿಯರ್ ತಂಡಗಳು ನೋಡುತ್ತಿದ್ದವು. ಏನು ಹೋಗುತ್ತಿದೆ ಎಂದು ನೋಡಲು, ನಿಲ್ಲಿಸಲು ಬಳಕೆದಾರರಿಗೆ ದಾರಿಯಿರಲಿಲ್ಲ.

ನನ್ನನ್ನು ತಡೆದು ನಿಲ್ಲಿಸಿದ್ದು ಈ ಅಂಕಿಗಳಲ್ಲ, ಅದರೊಳಗಿನ ಒಂದು ಸಣ್ಣ ವಿವರ. ಆನ್‌ಲೈನ್ ಕಾಗುಣಿತ ಪರೀಕ್ಷೆಗೋ ಅನುವಾದಕ್ಕೋ ಒಂದು ಪದ ಕೊಟ್ಟರೆ, ಅದರ ಹಿಂದಿನ ಮತ್ತು ಮುಂದಿನ ವಾಕ್ಯಗಳೂ ಜೊತೆಗೆ ಹೋಗುತ್ತಿದ್ದವು. ಸಂದರ್ಶನ ಬರೆದುಕೊಳ್ಳುವವರಿಗೆ ಇದರ ಅರ್ಥ ಬೇಗ ಹೊಳೆಯುತ್ತದೆ. ಹೆಸರು ತೆಗೆದು ‘ಒಬ್ಬ ಮಹಿಳೆ’ ಎಂದು ಬರೆದಿರುತ್ತೇವೆ. ಆದರೆ ಹಿಂದಿನ ವಾಕ್ಯದಲ್ಲಿ ಅವರ ಊರಿದೆ, ಮುಂದಿನದರಲ್ಲಿ ಗಂಡ ಕೆಲಸ ಕಳೆದುಕೊಂಡ ಕಥೆಯಿದೆ. ಒಂದು ಪದದ ಇಂಗ್ಲಿಷ್ ಅರ್ಥ ಬೇಕೆಂದು ನಾವು ಒತ್ತುವ ಗುಂಡಿ ಇಷ್ಟನ್ನೂ ಕರೆದೊಯ್ಯಬಲ್ಲದು.

ಡಚ್ ಸರ್ಕಾರ ಬಳಕೆ ನಿಲ್ಲಿಸಲಿಲ್ಲ, ಚೌಕಾಸಿಗೆ ಕೂತಿತು. 2019ರಲ್ಲಿ ಇಂಥ ಸೇವೆಗಳನ್ನು ಆರಿಸಿಡುವ ಆಯ್ಕೆಗಳು ಆಫೀಸಿಗೆ ಬಂದವು, ಒಪ್ಪಂದವೂ ಬದಲಾಯಿತು. ಆ ವರ್ಷದ ಜುಲೈ ಹೊತ್ತಿಗೆ, ಸರಿಯಾಗಿ ಹೊಂದಿಸಿದ ಕಂಪ್ಯೂಟರಿನ ಆಫೀಸಿಗೆ ಪರೀಕ್ಷಕರು ಒಪ್ಪಿಗೆ ಕೊಟ್ಟರು. ಮೊಬೈಲ್ ಆ್ಯಪ್‌ಗಳಿಗೆ, ಬ್ರೌಸರಿನಲ್ಲಿ ತೆರೆಯುವ ಆಫೀಸಿಗೆ ಕೊಡಲಿಲ್ಲ.

ಅಷ್ಟು ದೊಡ್ಡ ಗಿರಾಕಿ ಪಟ್ಟು ಹಿಡಿದು ಕೇಳಿದ್ದಕ್ಕೆ ಬಂದ ಆಯ್ಕೆ ಇಂದು ನಮ್ಮ ವರ್ಡ್‌ನಲ್ಲೂ ಇದೆ, ಖಾತೆಯ ಪ್ರೈವಸಿ ಸೆಟ್ಟಿಂಗ್ಸ್ ಒಳಗೆ. ನಾನದನ್ನು ಹುಡುಕಿ ಆರಿಸಿದ್ದು ಪಿಎಚ್.ಡಿ.ಯ ಮೂರನೆಯ ವರ್ಷದಲ್ಲಿ. ಅಷ್ಟರಲ್ಲಿ ನಲವತ್ತೊಂದು ಸಂದರ್ಶನಗಳನ್ನು ಟೈಪ್ ಮಾಡಿ ಮುಗಿಸಿದ್ದೆ.