ಕಲ್ಲಟ್ಟಿ ಜಲಪಾತ: ಹಳ್ಳವೊಂದು ಬೆಟ್ಟವನ್ನು ಕೊರೆಯುವ ಬಗೆ

ಮಂಗಳೂರು ಕಡೆಯಿಂದ ಬಂಡೀಪುರದ ದಾರಿಯಲ್ಲಿ ಊಟಿಗೆ ಹೋಗುವವರಿಗೆ ತೆಪ್ಪಕಾಡಿನಲ್ಲಿ ಎರಡು ದಾರಿ ಸಿಗುತ್ತವೆ. ಗೂಡಲೂರು ಮೂಲಕ ಹೋದರೆ ಸುತ್ತು ಜಾಸ್ತಿ. ಮಸಿನಗುಡಿ ಮೂಲಕ ಹೋದರೆ ಹತ್ತಿರ, ಆದರೆ 36 ಹೇರ್‌ಪಿನ್ ತಿರುವುಗಳ ಕಲ್ಲಟ್ಟಿ ಘಾಟಿ ಹತ್ತಬೇಕು. ಫಸ್ಟ್ ಗೇರ್‌ನಲ್ಲಿ ಕಾರು ಏದುಸಿರು ಬಿಡುತ್ತಾ ಏರುವ ಈ ಇಳಿಜಾರನ್ನೇ ಪಕ್ಕದ ಕಣಿವೆಯಲ್ಲಿ ಸೀಗೂರು ಹಳ್ಳ ಧುಮುಕುತ್ತಾ ಇಳಿಯುತ್ತದೆ. ಆ ಕಣಿವೆಯನ್ನು ಕೊರೆದಿದ್ದು ಕೂಡ ಅದೇ ಹಳ್ಳ.

ಕಲ್ಲಟ್ಟಿ ಎಂಬ ಹೆಸರನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಕಲ್ಲು, ಹಟ್ಟಿ, ಅಷ್ಟೇ. ನೀಲಗಿರಿಯ ಬಡಗರ ಭಾಷೆ ಕನ್ನಡಕ್ಕೆ ತೀರಾ ಹತ್ತಿರದ್ದು, ಹಾಗಾಗಿ ಅಲ್ಲಿನ ಊರುಗಳ ಹೆಸರಿನಲ್ಲಿ ಹಟ್ಟಿಯೂ ತೊರೆಗಳ ಹೆಸರಿನಲ್ಲಿ ಹಳ್ಳವೂ ಕಾಣಿಸುತ್ತವೆ. ಕರಾವಳಿಯವರು ತೋಡು ಅನ್ನುವುದೂ ಹೆಚ್ಚುಕಮ್ಮಿ ಇಂಥದ್ದಕ್ಕೇ.

ಈ ಹಳ್ಳದ ಸ್ವಭಾವ ಅರ್ಥವಾಗಬೇಕಾದರೆ ಮೇಲಿನಿಂದ ನೋಡಬೇಕು. ಊಟಿ ಇರುವುದು ಸಮುದ್ರ ಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿ. ಅಲ್ಲಿ ನೆಲ ಬೋಗುಣಿಗಳನ್ನು ಜೋಡಿಸಿಟ್ಟ ಹಾಗೆ ಏರಿಳಿಯುತ್ತದೆ, ಆದರೆ ಒಟ್ಟಾರೆ ಇಳಿಜಾರು ಕಡಿಮೆ. ಹಾಗಾಗಿ ತೊರೆಗಳಿಗೆ ಅವಸರವಿಲ್ಲ. ಹುಲ್ಲುಗಾವಲು, ಶೋಲಾ ಕಾಡು ಮತ್ತು ಜವುಗು ನೆಲ ಮಳೆನೀರನ್ನು ಸ್ಪಂಜಿನಂತೆ ಹೀರಿಕೊಂಡು ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಬಿಡುತ್ತವೆ. ಜಾನ್ ಸಲ್ಲಿವನ್ 1820ರ ದಶಕದಲ್ಲಿ ಇಂಥ ತೊರೆಗಳಿಗೆ ಅಡ್ಡಕಟ್ಟಿ ಊಟಿಯ ಕೆರೆ ಮಾಡಿಸಿದ. ಆ ಕೆರೆಯಿಂದ ಹೊರಬಿದ್ದ ನೀರು ಕಾಮರಾಜ ಸಾಗರ ಜಲಾಶಯಕ್ಕೆ ಬರುತ್ತದೆ. ಅಲ್ಲಿಂದ ಮುಂದೆ ಪ್ರಸ್ಥಭೂಮಿಯ ಅಂಚು, ಆಮೇಲೆ ಕಲ್ಲಟ್ಟಿ.

ಅಂಚಿನಲ್ಲಿ ಹಳ್ಳದ ಗುಣವೇ ಬದಲಾಗುತ್ತದೆ. ನೀಲಗಿರಿಯ ಬಂಡೆ ಚಾರ್ನೋಕೈಟ್, ಬಹಳ ಗಟ್ಟಿ ಕಲ್ಲು. ಬರೀ ನೀರು ಅದನ್ನು ಸವೆಸಬೇಕಾದರೆ ಯುಗಗಳೇ ಬೇಕು. ಆದರೆ ಹಳ್ಳದಲ್ಲಿ ಹರಿಯುವುದು ಬರೀ ನೀರಲ್ಲ. ಅದರ ಜೊತೆ ಮರಳು, ಜಲ್ಲಿ, ಉರುಟು ಕಲ್ಲುಗಳು ಬರುತ್ತವೆ, ನಿಜವಾಗಿ ಉಜ್ಜುವುದು ಅವು. ಬಂಡೆಯ ಬಿರುಕಿನಲ್ಲಿ ಒಂದು ಕಲ್ಲು ಸಿಕ್ಕಿಕೊಂಡರೆ ನೀರಿನ ಸುಳಿ ಅದನ್ನು ಅಲ್ಲೇ ತಿರುಗಿಸುತ್ತದೆ. ಒರಳಿನಲ್ಲಿ ಗುಂಡು ತಿರುಗಿದ ಹಾಗೆ ಅರೆದೂ ಅರೆದೂ ಗುಂಡಿ ಬೀಳುತ್ತದೆ, ಗುಂಡಿಗಳು ಒಂದಕ್ಕೊಂದು ಕೂಡಿ ಕಾಲುವೆಯಾಗುತ್ತವೆ. ಜಲಪಾತದ ಬುಡದಲ್ಲಿ ಈ ಕೆಲಸ ಇನ್ನೂ ಜೋರು. ಬುಡ ಟೊಳ್ಳಾದಾಗ ಮೇಲಿನ ಬಂಡೆ ಕಳಚಿ ಬೀಳುತ್ತದೆ, ಜಲಪಾತ ಒಂದಿಷ್ಟು ಹಿಂದೆ ಸರಿಯುತ್ತದೆ. ಹೀಗೆ ಹಳ್ಳ ಕೆಳಗಿನಿಂದ ಮೇಲಕ್ಕೆ ಬೆಟ್ಟವನ್ನು ಕೊಯ್ಯುತ್ತಾ ಹೋಗುತ್ತದೆ. ಹರಿಯುವುದು ಕೆಳಕ್ಕೆ, ಕೊರೆಯುವುದು ಮೇಲಕ್ಕೆ!

ಈ ಕೆಲಸ ದಿನಾ ಒಂದೇ ಸಮನೆ ನಡೆಯುವುದಿಲ್ಲ. ವರ್ಷದ ಹೆಚ್ಚಿನ ದಿನ ತೆಳ್ಳಗೆ ಹರಿಯುವ ಹಳ್ಳ ಹೆಚ್ಚೇನೂ ಕೊರೆಯದು. ಕೆಲಸವೆಲ್ಲ ಕೆಲವೇ ದಿನಗಳ ಪ್ರವಾಹದಲ್ಲಿ ಆಗಿಬಿಡುತ್ತದೆ. ನೀರಿನ ವೇಗ ಎರಡು ಪಟ್ಟಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ ಎರಡು ಪಟ್ಟಲ್ಲ, ಸುಮಾರು 64 ಪಟ್ಟಾಗುತ್ತದೆ ಎನ್ನುವುದು ಭೂವಿಜ್ಞಾನದ ಹಳೆಯ ಲೆಕ್ಕ. ಬೇಸಿಗೆಯಲ್ಲಿ ಹಳ್ಳದ ನಡುವೆ ಕಾರಿನಷ್ಟು ದೊಡ್ಡ ಬಂಡೆ ಕಂಡು 'ಇದು ಇಲ್ಲಿಗೆ ಹೇಗೆ ಬಂತು' ಅಂತ ಕೇಳುವವರಿಗೆ ಉತ್ತರ ಆ ಲೆಕ್ಕದಲ್ಲಿದೆ.

ಯುವಕರು ಸೆಲ್ಫಿಗೆ ಹತ್ತಿ ನಿಲ್ಲುವುದೂ ಇಂಥ ಬಂಡೆಗಳ ಮೇಲೆಯೇ. ಮಸಿನಗುಡಿ, ಸೀಗೂರು ಭಾಗ ನೀಲಗಿರಿಯ ಮಳೆ ನೆರಳಿನಲ್ಲಿದೆ, ಮೇಲಿಗಿಂತ ಮಳೆ ಬಹಳ ಕಡಿಮೆ. ಕೆಳಗೆ ಬಿಸಿಲು ಹೊಡೆಯುತ್ತಿರುವಾಗಲೇ ಮೇಲೆ ಧಾರಾಕಾರ ಸುರಿಯುತ್ತಿರಬಹುದು. ನೀಲಗಿರಿಯದೇ ಅವಲಾಂಚಿಯಲ್ಲಿ 2019ರ ಆಗಸ್ಟ್‌ನಲ್ಲಿ ಒಂದೇ ದಿನ 82 ಸೆಂ.ಮೀ. ಮಳೆ ದಾಖಲಾಗಿತ್ತು. ತಿಳಿನೀರು ಇದ್ದಕ್ಕಿದ್ದಂತೆ ಕೆಂಪಾಗುವುದು, ಎಲೆ-ಕಡ್ಡಿಗಳು ತೇಲಿ ಬರತೊಡಗುವುದು, ಮೇಲಿನಿಂದ ಮೊರೆತ ಕೇಳಿಸುವುದು, ಇವು ನೀರು ಏರುತ್ತಿರುವ ಗುರುತು. ಕಂಡ ಕೂಡಲೇ ದಡ ಹತ್ತಬೇಕು. ಚಪ್ಪಲಿ, ಮೊಬೈಲ್ ಹುಡುಕುತ್ತಾ ನಿಲ್ಲುವ ಹೊತ್ತಲ್ಲ ಅದು.

ನೀರಿಗೆ ಮಣ್ಣು, ಮರ, ಬಂಡೆ ಸೇರಿದರೆ ಏನಾಗುತ್ತದೆ ಎಂಬುದನ್ನು ನೀಲಗಿರಿಗೆ ತಾಗಿಕೊಂಡಿರುವ ವಯನಾಡು 2024ರ ಜುಲೈ 30ರ ನಸುಕಿನಲ್ಲಿ ಕಂಡಿತು. ಗುಡ್ಡದ ನೆತ್ತಿಯಲ್ಲಿ ಜರಿದ ಮಣ್ಣು ತೊರೆಯ ಹಾದಿ ಹಿಡಿದು ಸುಮಾರು 8 ಕಿ.ಮೀ. ನುಗ್ಗಿತು. ಮುಂಡಕ್ಕೈ, ಚೂರಲ್‌ಮಲ ಊರುಗಳಲ್ಲಿ ಸಣ್ಣ ತೊರೆಯಿದ್ದ ಜಾಗ ಅಗಲವಾದ ಬಂಡೆಗಳ ಬಯಲಾಯಿತು. 250ಕ್ಕೂ ಹೆಚ್ಚು ಜನ ತೀರಿಹೋದರು, ಎಷ್ಟೋ ದೇಹಗಳು ಬಹುದೂರದ ನಿಲಂಬೂರಿನಲ್ಲಿ, ಚಾಲಿಯಾರ್ ನದಿಯಲ್ಲಿ ಸಿಕ್ಕವು. ಬೇಸಿಗೆಯಲ್ಲಿ ಹೆಜ್ಜೆ ಮುಳುಗದಷ್ಟು ನೀರಿರುವ ಜಾಗವೂ ಹಳ್ಳದ ಜಾಗವೇ. ಸರ್ವೆ ನಕ್ಷೆಯಲ್ಲಿ ಅದು ಯಾರ ಹೆಸರಿನಲ್ಲಿದೆ ಅಂತ ನೀರು ಕೇಳುವುದಿಲ್ಲ.

ಘಾಟಿ ಇಳಿದ ಸೀಗೂರು ಹಳ್ಳಕ್ಕೆ ಬಯಲಿನಲ್ಲಿ ವೇಗ ತಗ್ಗುತ್ತದೆ. ಹೊತ್ತು ತಂದದ್ದನ್ನು ಇಳಿಸಲು ಶುರು ಮಾಡುತ್ತದೆ. ಮೊದಲು ದೊಡ್ಡ ಕಲ್ಲು, ಆಮೇಲೆ ಜಲ್ಲಿ, ಮರಳು, ಕೊನೆಗೆ ಕೆಸರು. ಮುಂದೆ ಅದು ಮೋಯಾರ್ ನದಿ ಸೇರುತ್ತದೆ. ನೀಲಗಿರಿಗೂ ಮೈಸೂರು ಪ್ರಸ್ಥಭೂಮಿಗೂ ನಡುವೆ ಭೂಮಿಯ ಹಳೆಯ ಬಿರುಕು ವಲಯವನ್ನು ಹಿಡಿದು ಹರಿಯುವ ಮೋಯಾರ್, ಅಲ್ಲಿ ಎಂಥಾ ಆಳದ ಕಮರಿ ಕೊರೆದಿದೆಯೆಂದರೆ ಬ್ರಿಟಿಷರು ಅದನ್ನು 'ಮೈಸೂರ್ ಡಿಚ್' ಅಂತಲೇ ಕರೆದರು. ಆ ನೀರು ಭವಾನಿಸಾಗರದಲ್ಲಿ ಭವಾನಿಗೆ, ಭವಾನಿ ಪಟ್ಟಣದಲ್ಲಿ ಕಾವೇರಿಗೆ ಸೇರಿ ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತದೆ. ಅದೇ ಜಿಲ್ಲೆಯ ಗೂಡಲೂರಿನ ತೊರೆಗಳು ಮಾತ್ರ ಪಶ್ಚಿಮಕ್ಕೆ ತಿರುಗಿ ಚಾಲಿಯಾರ್ ಮೂಲಕ ಅರಬ್ಬಿ ಸಮುದ್ರಕ್ಕೆ ಹೋಗುತ್ತವೆ.

ಕರಾವಳಿಯ ನದಿಗಳಿಗೆ ಇಷ್ಟು ಉದ್ದದ ಓಟವಿಲ್ಲ. ನೇತ್ರಾವತಿ ಕುದುರೆಮುಖದ ಕಡೆಯ ಘಟ್ಟದಲ್ಲಿ ಹುಟ್ಟಿ ಸುಮಾರು 100 ಕಿ.ಮೀ. ಹರಿಯುವಷ್ಟರಲ್ಲಿ ಸಮುದ್ರ ಬಂದುಬಿಡುತ್ತದೆ. ಘಟ್ಟದಲ್ಲಿ ಕೊರೆದದ್ದನ್ನು ಬಯಲಿನಲ್ಲಿ ಹಾಸುವ ಕ್ರಮ ಮಾತ್ರ ಅದೇ. ಫಲ್ಗುಣಿಗೂ ಕಡಲಿಗೂ ನಡುವಿನ ಬೆಂಗ್ರೆಯೇ ಒಂದು ಮರಳಿನ ಪಟ್ಟಿ, ನದಿ ಹೊತ್ತು ತಂದ ಮರಳನ್ನು ಅಲೆಗಳು ಒಟ್ಟಿ ಮಾಡಿದ ನೆಲ. ಬಂಟ್ವಾಳ, ಪಾಣೆಮಂಗಳೂರಿನ ತಗ್ಗು ದಡಗಳೂ ನದಿ ಉಕ್ಕಿದಾಗಲೆಲ್ಲ ಬಿಟ್ಟುಹೋದ ಮೆಕ್ಕಲಿನಿಂದಲೇ ಆದವು. 1923ರಲ್ಲಿ ಮತ್ತು 1974ರಲ್ಲಿ ನೇತ್ರಾವತಿ ಆ ದಡಗಳ ಮೇಲೆ ಮತ್ತೆ ಹರಿಯಿತು. ಮೊದಲನೆಯದನ್ನು ಅಲ್ಲಿನ ಹಳಬರು 'ಮಾರಿ ಬೊಳ್ಳ' ಎಂದೇ ಹೆಸರಿಟ್ಟು ನೆನೆಯುತ್ತಿದ್ದರು.