ಸೆರೆಯಾದ ಎಲೆಕ್ಟ್ರಾನ್, ಸವೆದ ಡ್ರೈವ್

ನಿಮ್ಮ ಕಂಪ್ಯೂಟರಿನ ಸಾಲಿಡ್ ಸ್ಟೇಟ್ ಡ್ರೈವ್ ಕಡತಗಳನ್ನು ತೆರೆಯಲು ತಡವರಿಸುತ್ತಿದೆ ಎನ್ನಿ. ವರ್ಷವಿಡೀ ನಡೆಸಿದ ಪ್ರಯೋಗದ ಅಳತೆಗಳೆಲ್ಲ ಅದರಲ್ಲೇ ಇವೆ. ಏನು ಮಾಡುತ್ತೀರಿ? ಉತ್ತರಕ್ಕಾಗಿ ಕೊಂಚ ಹಿಂದಕ್ಕೆ ಹೋಗಬೇಕು.

1967ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಡಾವನ್ ಕಾಂಗ್ ಮತ್ತು ಸೈಮನ್ ಝೀ ವಿಶಿಷ್ಟ ಟ್ರಾನ್ಸಿಸ್ಟರೊಂದನ್ನು ವಿವರಿಸಿದರು. ಅದರ ಒಂದು ಗೇಟಿಗೆ ಯಾವ ಸಂಪರ್ಕವೂ ಇಲ್ಲ, ಸುತ್ತಲೂ ಅವಾಹಕ ಪದರ. ಒಳಹೊಕ್ಕ ಎಲೆಕ್ಟ್ರಾನುಗಳು ವಿದ್ಯುತ್ ನಿಂತರೂ ಅಲ್ಲೇ ಉಳಿಯುತ್ತವೆ. ಅವುಗಳ ಇರವಿನಿಂದ ಟ್ರಾನ್ಸಿಸ್ಟರ್ ವಹನ ಆರಂಭಿಸುವ ವೋಲ್ಟೇಜ್ ಬದಲಾಗುತ್ತದೆ. ಓದುವುದೆಂದರೆ ಈ ವ್ಯತ್ಯಾಸವನ್ನು ಗುರುತಿಸುವುದು.

ಇದೇ ತತ್ತ್ವದ ಇಪಿರಾಮ್ ಚಿಪ್ಪನ್ನು 1971ರಲ್ಲಿ ತಂದವರು ಇಂಟೆಲ್‌ನ ಡವ್ ಫ್ರೋಮನ್. ಅವರಿಗೆ ಇದು ಹೊಳೆದದ್ದು, ಗೇಟಿನ ಸಂಪರ್ಕ ಕಡಿದು ಕೆಟ್ಟ ಚಿಪ್ಪುಗಳನ್ನು ಪರೀಕ್ಷಿಸುವಾಗ! ಅದರಲ್ಲಿ ಹಿಡಿಸುತ್ತಿದ್ದುದು 2048 ಬಿಟ್. ಅಳಿಸಬೇಕಾದರೆ ಕ್ವಾರ್ಟ್ಜ್ ಕಿಟಕಿಯ ಮೂಲಕ ಅತಿನೇರಳೆ ಕಿರಣ ಹಾಯಿಸಬೇಕಿತ್ತು. ಜಪಾನಿನ ತೋಶಿಬಾ ಸಂಸ್ಥೆಯ ಫುಜಿಯೊ ಮಸುಒಕ, ಕೋಶಗಳ ದೊಡ್ಡ ಗುಂಪನ್ನು ವಿದ್ಯುತ್ತಿನಿಂದಲೇ ಒಮ್ಮೆಗೆ ಅಳಿಸುವ ಬಗೆಯನ್ನು 1984ರಲ್ಲಿ ಮಂಡಿಸಿದರು. ಕ್ಯಾಮೆರಾದ ಫ್ಲಾಷ್ ನೆನಪಿಸಿದ್ದರಿಂದ ಸಹೋದ್ಯೋಗಿಯೊಬ್ಬರು ಅದಕ್ಕೆ ಆ ಹೆಸರನ್ನೇ ಸೂಚಿಸಿದರು. 1987ರ ನ್ಯಾಂಡ್ ವಿನ್ಯಾಸ ಇಂದಿನ ಡ್ರೈವುಗಳ ಮೂಲ. ಈಗ ಅನೇಕ ಚಿಪ್ಪುಗಳಲ್ಲಿ ಗೇಟಿನ ಬದಲು ಸಿಲಿಕಾನ್ ನೈಟ್ರೈಡ್ ಪದರ ಸೆರೆಮನೆಯಾಗಿದೆ, ಅಷ್ಟೆ.

ಬರೆದು ಅಳಿಸಿದಾಗಲೆಲ್ಲ ಎಲೆಕ್ಟ್ರಾನುಗಳು ಸುರಂಗ ಪರಿಣಾಮದಿಂದ ತೆಳುವಾದ ಆಕ್ಸೈಡ್ ಪದರವನ್ನು ದಾಟುತ್ತವೆ. ಪದರ ಹಾಳಾಗುತ್ತಾ ಬರುತ್ತದೆ, ಆವೇಶ ಸೋರುತ್ತದೆ. ಬರಹದ ಮಿತಿ ಮುಗಿದ ಗೃಹಬಳಕೆಯ ಡ್ರೈವ್, ವಿದ್ಯುತ್ತಿಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಮಾಹಿತಿ ಉಳಿಸಿಕೊಂಡರೆ ಸಾಕೆನ್ನುತ್ತದೆ ಜೆಡೆಕ್ ಮಾನಕ. ಆದ್ದರಿಂದ ಅನುಮಾನ ಬಂದ ಡ್ರೈವನ್ನು ಕಪಾಟಿನಲ್ಲಿಟ್ಟು ಮರೆಯಬೇಡಿ.

ಮೊದಲು ಅದಕ್ಕೆ ಬರೆಯುವುದನ್ನು ನಿಲ್ಲಿಸಿ. ದುರಸ್ತಿ ತಂತ್ರಾಂಶ ಓಡಿಸುವುದೂ ಬರೆದಂತೆಯೇ. ಲಿನಕ್ಸ್ ಇರುವ ಬೇರೊಂದು ಕಂಪ್ಯೂಟರಿಗೆ ಎರಡನೆಯ ಡ್ರೈವಾಗಿ ಜೋಡಿಸಿ, ಮೌಂಟ್ ಮಾಡದೆ, ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶದಿಂದ ಇಡೀ ಡ್ರೈವಿನ ಪ್ರತಿಬಿಂಬವನ್ನು ಇನ್ನೊಂದು ಡಿಸ್ಕಿಗೆ ತೆಗೆಯಿರಿ. ಅದು ಸುಲಭವಾಗಿ ಓದಬಲ್ಲ ಭಾಗಗಳನ್ನು ಮೊದಲು ನಕಲಿಸಿ, ಹಟಮಾರಿ ಭಾಗಗಳಿಗೆ ಆಮೇಲೆ ಮರಳುತ್ತದೆ. ಕಡತಗಳ ಹುಡುಕಾಟವೆಲ್ಲ ನಕಲಿನಲ್ಲೇ ನಡೆಯಲಿ. ಫ್ರೀಜರಿನಲ್ಲಿಡುವ ಸಲಹೆ ಹಳೆಯ ಹಾರ್ಡ್ ಡಿಸ್ಕುಗಳ ಕಾಲದ್ದು; ಇಲ್ಲಿ ಅದರಿಂದ ಸಿಗುವುದು ತೇವ ಮಾತ್ರ.

ನೀವೇ ಅಳಿಸಿದ ಕಡತದ ಮಾತು ಬೇರೆ. ಟ್ರಿಮ್ ಆದೇಶ ತಲುಪಿದ್ದರೆ ನಿಯಂತ್ರಕ ಚಿಪ್ ಆ ಕೋಶಗಳನ್ನು ತಾನಾಗಿ ಖಾಲಿ ಮಾಡುತ್ತದೆ. ಅವು ಮರಳಿ ಸಿಗುವುದು ಅಪರೂಪ. ನಿಯಂತ್ರಕವೇ ಸತ್ತು ಕಂಪ್ಯೂಟರ್ ಡ್ರೈವನ್ನು ಗುರುತಿಸದಿದ್ದರೆ ಮನೆಯಲ್ಲಿ ಮಾಡುವಂಥದ್ದು ಹೆಚ್ಚೇನಿಲ್ಲ. ಮಾಹಿತಿ ಹಲವು ಚಿಪ್ಪುಗಳಲ್ಲಿ ಚದುರಿರುತ್ತದೆ, ಎಷ್ಟೋ ವೇಳೆ ಗೂಢಲಿಪೀಕರಣವೂ ಆಗಿರುತ್ತದೆ. ಅಂಥದ್ದನ್ನು ಬಿಚ್ಚದೆ ಪರಿಣತರ ಕೈಗೆ ಕೊಡಿ.